80 ರೂಪಾಯಿ ಸಾಲದ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ



ಈ ದತ್ತಿಯ ಉಪನ್ಯಾಸ ಮಕ್ಕಳ ಓದಿಗೆ ಸಂಬಂಧಪಟ್ಟದ್ದಾಗಿರಬೇಕು ಎನ್ನುವುದು ದಾನಿಗಳ ಅಪೇಕ್ಷೆ. ಅದಕ್ಕೆ ಒಪ್ಪುವ ಹಾಗೆ, ವ್ಯಾಪಾರ ಉದ್ದಿಮೆ ನಡೆಸಿದ ಹೆಣ್ಣುಮಕ್ಕಳ ನಿಜಕಥೆಗಳನ್ನು ಮಕ್ಕಳಿಗೆ ಹೇಗೆ ಹೇಳಬೇಕು ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ.

ನಾವು ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಚೆನ್ನಮ್ಮ ಇದ್ದಾಳೆ, ಅಬ್ಬಕ್ಕ ಇದ್ದಾಳೆ, ಒನಕೆ ಹಿಡಿದ ಓಬವ್ವ ಇದ್ದಾಳೆ. ಶರಣೆಯರಿದ್ದಾರೆ, ವಿಜ್ಞಾನಿಗಳಿದ್ದಾರೆ. ತಕ್ಕಡಿ ಹಿಡಿದವಳು, ಸಾಲ ತಂದು ಕಾರ್ಖಾನೆ ಕಟ್ಟಿದವಳು, ಹತ್ತು ಜನಕ್ಕೆ ಸಂಬಳ ಕೊಟ್ಟವಳು ಮಾತ್ರ ಕಥೆಗೆ ಬರುವುದು ಅಪರೂಪ. ಬಂದರೂ ಅವಳ ಕಥೆಗೆ ಒಂದು ಸಿದ್ಧ ರೂಪ ಇದೆ. ಮೊದಲರ್ಧ ಬಡತನ, ಅವಮಾನ, ಕಣ್ಣೀರು. ಎರಡನೆಯ ಅರ್ಧ ಕೋಟಿಗಟ್ಟಲೆ ವಹಿವಾಟು, ರಾಷ್ಟ್ರಪತಿ ಭವನ, ಪದ್ಮ ಪ್ರಶಸ್ತಿ. ಇವೆರಡರ ನಡುವಿನ ಹದಿನೈದು, ಇಪ್ಪತ್ತು ವರ್ಷ ಆಕೆ ಬೆಳಗ್ಗೆ ಎದ್ದು ಏನು ಮಾಡಿದಳು, ಮೊದಲ ಸರಕನ್ನು ಯಾರಿಗೆ ಮಾರಿದಳು, ಯಾವ ತಿಂಗಳು ನಷ್ಟವಾಯಿತು, ಅದನ್ನು ಹೇಗೆ ತುಂಬಿಕೊಂಡಳು ಎಂಬುದೆಲ್ಲ "ಛಲ ಬಿಡದೆ ದುಡಿದು" ಎಂಬ ಮೂರು ಪದಗಳಲ್ಲಿ ಮುಗಿದುಹೋಗುತ್ತದೆ. ಮಗುವಿಗೆ ಉಪಯೋಗಕ್ಕೆ ಬರುವುದು ಆ ಮೂರು ಪದಗಳ ಒಳಗೆ ಮುಚ್ಚಿಹೋದ ಭಾಗ. ಪ್ರಶಸ್ತಿ ನೋಡಿ ಮಗು ಚಪ್ಪಾಳೆ ತಟ್ಟುತ್ತದೆ. ಕೆಲಸ ಹೇಗೆ ನಡೆಯಿತು ಎಂದು ತಿಳಿದಾಗ ಮಾತ್ರ ಅದಕ್ಕೆ "ಇದನ್ನು ನಾನೂ ಮಾಡಬಹುದು" ಅನ್ನಿಸುತ್ತದೆ.

ಒಂದು ಕಥೆಯನ್ನು ಪೂರ್ತಿಯಾಗಿ ತೆಗೆದುಕೊಳ್ಳೋಣ. ಲಿಜ್ಜತ್ ಹಪ್ಪಳದ ಪ್ಯಾಕೆಟ್ ನಮ್ಮ ಕಿರಾಣಿ ಅಂಗಡಿಗಳಲ್ಲೂ ಸಿಗುತ್ತದೆ, ಮಕ್ಕಳು ನೋಡಿರುತ್ತಾರೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಲೋಹಾಣಾ ನಿವಾಸ ಎಂಬ ಕಟ್ಟಡದ ತಾರಸಿಯ ಮೇಲೆ ಏಳು ಜನ ಗುಜರಾತಿ ಗೃಹಿಣಿಯರು ಸೇರಿ ಹಪ್ಪಳ ಲಟ್ಟಿಸಿದರು. ಅಂದು ಆದದ್ದು 4 ಪ್ಯಾಕೆಟ್. ಬಂಡವಾಳ 80 ರೂಪಾಯಿ, ಅದೂ ಸಾಲ. ಕೊಟ್ಟವರು ಛಗನ್‌ಲಾಲ್ ಕರಮ್‌ಶಿ ಪಾರೇಖ್. ಜನ ಅವರನ್ನು ಛಗನ್‌ಬಾಪಾ ಎಂದು ಕರೆಯುತ್ತಿದ್ದರು. ಆ ಏಳು ಮಂದಿಯಲ್ಲಿ ಜಸ್ವಂತಿಬೆನ್ ಜಮ್ನಾದಾಸ್ ಪೋಪಟ್ ಒಬ್ಬರು. ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ. ಮಕ್ಕಳಿಗೆ ಈ ಎರಡು ಇಸವಿ ಕೊಟ್ಟು, ನಡುವೆ ಎಷ್ಟು ವರ್ಷ ಎಂದು ಕಳೆಯಲು ಹೇಳಿ. 62 ಎಂಬ ಉತ್ತರ ಬಂದಾಗ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಅವರ ಅಜ್ಜಿಯ ವಯಸ್ಸು ಅಷ್ಟಿರುತ್ತದೆ.

ಹಪ್ಪಳ ನಮ್ಮ ಮಕ್ಕಳಿಗೆ ಹೊಸದಲ್ಲ. ಬೇಸಿಗೆ ರಜೆಯಲ್ಲಿ ತಾರಸಿ ಮೇಲೆ ಹಳೆ ಸೀರೆ ಹಾಸಿ ಹಪ್ಪಳ, ಸಂಡಿಗೆ ಹರವಿದಾಗ ಕಾಗೆ ಓಡಿಸಲು ಕೂತವರೇ ಅವರು. ಹಾಗಾಗಿ ಮಳೆ ಬಂದರೆ ಏನಾಗುತ್ತದೆ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. ಮುಂಬಯಿಯ ಮಳೆ ಜೂನ್‌ನಲ್ಲಿ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಮೊದಲ ವರ್ಷ ಆ ಹೆಂಗಸರು ನಾಲ್ಕು ತಿಂಗಳು ಕೆಲಸ ನಿಲ್ಲಿಸಬೇಕಾಯಿತು. ನಾಲ್ಕು ತಿಂಗಳು ಒಂದು ಪೈಸೆಯ ಆದಾಯವೂ ಇಲ್ಲ.

ಕಥೆಯನ್ನು ಇಲ್ಲಿ ನಿಲ್ಲಿಸಿ. ಮುಂದಿನ ಮಳೆಗಾಲಕ್ಕೆ ಅವರು ಏನು ಮಾಡಿರಬಹುದು ಎಂದು ಮಕ್ಕಳನ್ನು ಕೇಳಿ. ಐದನೆಯ ತರಗತಿಯ ಮಕ್ಕಳಿಗೆ ನಾನು ಈ ಪ್ರಶ್ನೆ ಹಾಕಿದಾಗ ಒಬ್ಬ ಫ್ಯಾನ್ ಕೆಳಗೆ ಒಣಗಿಸಬೇಕು ಅಂದ. ಇನ್ನೊಬ್ಬಳು, ಬೇಸಿಗೆಯಲ್ಲೇ ಜಾಸ್ತಿ ಮಾಡಿ ಡಬ್ಬದಲ್ಲಿ ತುಂಬಿಟ್ಟುಕೊಳ್ಳಬೇಕು ಅಂದಳು. ಅದಕ್ಕೆ ಪಕ್ಕದವಳು, "ಅಷ್ಟು ಉದ್ದಿಗೆ ದುಡ್ಡು ಎಲ್ಲಿಂದ ತರಬೇಕು, 80 ರೂಪಾಯಿ ತಾನೇ ಇರೋದು?" ಎಂದು ಕೇಳಿದಳು. ದುಡಿಯುವ ಬಂಡವಾಳ ಎಂಬ ವಿಷಯ ಕಾಮರ್ಸ್ ತರಗತಿಗೆ ಮುಂಚೆಯೇ ಆ ಹುಡುಗಿಗೆ ಅರ್ಥವಾಗಿತ್ತು. ಮುಂಬಯಿಯ ಹೆಂಗಸರು ಮಾಡಿದ್ದು ಇಷ್ಟೆ: ಒಂದು ಮಂಚ ಕೊಂಡರು, ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ, ಕೆಳಗೆ ಸ್ಟೋವ್ ಹಚ್ಚಿಟ್ಟರು. ಮಳೆಯಲ್ಲೂ ಹಪ್ಪಳ ಒಣಗಿತು. ಈ ಉತ್ತರ ಕೇಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಸಂತೋಷ ಪದ್ಮಶ್ರೀಯ ಮಾತು ಹೇಳುವಾಗ ನನಗೆ ಎಂದೂ ಕಂಡಿಲ್ಲ. ಮಂಚ ಅವರ ಮನೆಯಲ್ಲೂ ಇದೆ.

ಇನ್ನು ಲೆಕ್ಕ. ಮೊದಲ ವರ್ಷದ ಒಟ್ಟು ಮಾರಾಟ 6,196 ರೂಪಾಯಿ. ಬೋರ್ಡಿನ ಮೇಲೆ ಬರೆದ ತಕ್ಷಣ ಮಕ್ಕಳು ಏಳರಿಂದ ಭಾಗಿಸಿ, ಒಬ್ಬೊಬ್ಬರಿಗೆ 885 ರೂಪಾಯಿ ಲಾಭ ಎನ್ನುತ್ತಾರೆ. ಆಗ ಉದ್ದಿನ ಹಿಟ್ಟಿನ ಖರ್ಚು ಯಾರು ಕೊಟ್ಟರು ಎಂದು ಕೇಳಬೇಕು. ಮೆಣಸು, ಇಂಗು, ಹಪ್ಪಳದ ಖಾರ, ಪ್ಯಾಕೆಟ್ಟು? ತೀರಿಸಬೇಕಾದ ಸಾಲ? ಮುರಿದ ಹಪ್ಪಳ? ಮುರಿದದ್ದನ್ನು ಅವರು ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಿದ್ದರು. ತಿಂದವರು ಇನ್ನೊಬ್ಬರಿಗೆ ಹೇಳಿದರು, ಹೆಸರು ಹಬ್ಬಿತು. ಹಾಗಾದರೆ ಮುರಿದ ಹಪ್ಪಳ ನಷ್ಟವೋ, ಪ್ರಚಾರದ ಖರ್ಚೋ? ಇದಕ್ಕೆ ತರಗತಿಯಲ್ಲಿ ಜಗಳವಾಗಬೇಕು, ಆಗಲಿ. ಗಣಿತದ ಪೀರಿಯಡ್ಡನ್ನು ಈ ಕಥೆಗೆ ಬಿಟ್ಟುಕೊಡಲು ಗಣಿತದ ಮೇಷ್ಟ್ರು ಹಿಂಜರಿಯಬಾರದು.

ಶುರುವಿನಲ್ಲಿ ಅವರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು, ಒಂದು ಅಗ್ಗದ್ದು. ಒಂದೇ ದರ್ಜೆ ಮಾಡಿ, ಗುಣಮಟ್ಟದಲ್ಲಿ ರಾಜಿ ಬೇಡ, ಲೆಕ್ಕ ಸರಿಯಾಗಿ ಇಡಿ ಎಂದು ಛಗನ್‌ಬಾಪಾ ಹೇಳಿದರು. ನಷ್ಟವಾದರೂ ಯಾರ ಮುಂದೂ ದೇಣಿಗೆಗೆ ಕೈಯೊಡ್ಡಬಾರದು ಎಂದು ಹೆಂಗಸರೇ ತೀರ್ಮಾನ ಮಾಡಿಕೊಂಡಿದ್ದರು. ಈ ತೀರ್ಮಾನದ ಬಗ್ಗೆ ನನಗೆ ತುಂಬ ಗೌರವ. ಹೆಂಗಸರ ಉದ್ದಿಮೆ ಎಂದ ಕೂಡಲೇ ಕನಿಕರದಿಂದ ಕೊಳ್ಳುವ ರೂಢಿ ನಮ್ಮಲ್ಲಿದೆ. ಅವರು ಆ ಕನಿಕರವನ್ನು ಮೊದಲ ದಿನವೇ ಬೇಡವೆಂದರು. ಎರಡು ಮೂರು ವರ್ಷಗಳಲ್ಲಿ ಸೇರಿದವರ ಸಂಖ್ಯೆ ಮುನ್ನೂರು ದಾಟಿತು, ತಾರಸಿ ಸಾಲದಾಯಿತು. ಆಗ ಕಲಸಿದ ಹಿಟ್ಟನ್ನು ಮನೆಗೆ ಕೊಟ್ಟು ಕಳಿಸಿ, ಲಟ್ಟಿಸಿದ ಹಪ್ಪಳವನ್ನು ತೂಕ ಹಾಕಿ ತೆಗೆದುಕೊಳ್ಳುವ ಪದ್ಧತಿ ಬಂತು. ಇವತ್ತಿಗೂ 45,000ಕ್ಕೂ ಹೆಚ್ಚು ಸದಸ್ಯೆಯರ ಆ ಸಂಸ್ಥೆ ನಡೆಯುವುದು ಹೀಗೆಯೇ. ಅಲ್ಲಿ ಹಪ್ಪಳ ಲಟ್ಟಿಸುವವಳು ಕೂಲಿಯವಳಲ್ಲ, ಪಾಲುದಾರಳು. ಒಬ್ಬರನ್ನೊಬ್ಬರು 'ಬೆನ್' ಎಂದು, ಎಂದರೆ ಅಕ್ಕ, ತಂಗಿ ಎಂದು ಕರೆಯುತ್ತಾರೆ.

ಸೋತದ್ದನ್ನೂ ಹೇಳಿ. 1961ರಲ್ಲಿ ಮಲಾಡ್‌ನಲ್ಲಿ ಶಾಖೆ ತೆರೆಯಲು ಹೋದರು, ಅದು ಕೈಗೂಡಲಿಲ್ಲ. ಮುಂದೆ ಬೆಂಕಿಪೊಟ್ಟಣ, ಊದಿನಕಡ್ಡಿ ಮಾಡಲು ಪ್ರಯತ್ನಿಸಿದರು, ಅವೂ ನಿಲ್ಲಲಿಲ್ಲ. ಆರಂಭದಲ್ಲಿ ಎಳೆಯ ಹುಡುಗಿಯರೂ ಕೆಲಸಕ್ಕೆ ಸೇರುತ್ತಿದ್ದರು. ಆಮೇಲೆ 18 ವರ್ಷ ತುಂಬಿರಬೇಕು ಎಂಬ ನಿಯಮ ಮಾಡಿದರು. ಕೇಳುತ್ತ ಕೂತವರು ಹತ್ತು, ಹನ್ನೊಂದರ ಮಕ್ಕಳು. ನಿಮ್ಮ ವಯಸ್ಸಿನವರು ಲಟ್ಟಣಿಗೆ ಬಿಟ್ಟು ಶಾಲೆಗೆ ಹೋಗಬೇಕು ಎನ್ನುವುದೂ ಒಳ್ಳೆಯ ವ್ಯಾಪಾರದ ನಿಯಮವೇ ಎಂದು ಅವರಿಗೆ ತಿಳಿಯಲಿ.

ಎರಡನೆಯ ಕಥೆ ಬೆಂಗಳೂರಿನದು. ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರ ಬಗ್ಗೆ ಮಕ್ಕಳ ಪುಸ್ತಕಗಳಲ್ಲಿ ಸಾಕಷ್ಟು ಬಂದಿದೆ. 1978ರಲ್ಲಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದೊಂದಿಗೆ ಶುರುವಾದ ಕಂಪನಿ, 2004ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಮೊದಲ ದಿನವೇ 100 ಕೋಟಿ ಡಾಲರ್ ದಾಟಿತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಆಕೆ ಓದಿದ್ದು ಏನು ಎಂಬಲ್ಲಿಗೆ ಬಂದಾಗ ನಮ್ಮ ಲೇಖಕರು ಮುಜುಗರಪಟ್ಟು "ವಿದೇಶದಲ್ಲಿ ಉನ್ನತ ವ್ಯಾಸಂಗ" ಎಂದು ತೇಲಿಸಿಬಿಡುತ್ತಾರೆ. ಅವರು ಓದಿದ್ದು ಬಿಯರ್ ತಯಾರಿಕೆ. ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್. ವೈದ್ಯಕೀಯ ಓದುವ ಆಸೆ ಕೈಗೂಡದೆ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಮುಗಿಸಿ, ಆಸ್ಟ್ರೇಲಿಯಾದ ಬಲ್ಲರಾಟ್‌ಗೆ ಹೋಗಿ ಆ ವಿದ್ಯೆ ಕಲಿತರು. ಆ ತರಗತಿಯಲ್ಲಿ ಹೆಣ್ಣು ಅವರೊಬ್ಬರೇ, ಮೊದಲ ಸ್ಥಾನವೂ ಅವರದೇ. ಊರಿಗೆ ಬಂದರೆ, ಇದು ಗಂಡಸರ ಕೆಲಸ ಎಂದು ಯಾವ ಕಾರ್ಖಾನೆಯೂ ಬ್ರೂಮಾಸ್ಟರ್ ಹುದ್ದೆ ಕೊಡಲಿಲ್ಲ.

ಬಿಯರಿನ ಮಾತು ಬಿಟ್ಟರೆ ಈ ಕಥೆ ನಿಲ್ಲುವುದೇ ಇಲ್ಲ. ಬಿಯರ್ ತಯಾರಿಕೆ ಎಂದರೆ ಹುದುಗಿಸುವ ವಿದ್ಯೆ. ನಮ್ಮ ದೋಸೆ ಹಿಟ್ಟು ರಾತ್ರಿ ಕಳೆದು ಉಬ್ಬುವುದೂ ಹುದುಗಿನಿಂದಲೇ. ಆ ವಿದ್ಯೆ ಗೊತ್ತಿದ್ದದ್ದರಿಂದಲೇ ಕಿಣ್ವಗಳನ್ನು ತಯಾರಿಸುವ ಐರ್ಲೆಂಡಿನ ಕಂಪನಿಯೊಂದು ಅವರ ಜೊತೆ ಕೈಜೋಡಿಸಿತು. ಗ್ಯಾರೇಜಿನ ಕಂಪನಿ ಮೊದಲು ಮಾಡಿದ್ದು ಎರಡು ಸರಕು. ಒಂದು, ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್. ಹಸಿ ಪರಂಗಿಕಾಯಿಯ ಸಿಪ್ಪೆಗೆ ಗೀರು ಹಾಕಿದರೆ ಬಿಳಿ ಹಾಲು ಒಸರುತ್ತದೆ, ಕೈಗೆ ತಾಗಿದರೆ ತುರಿಸುತ್ತದೆ. ಹಿತ್ತಲಲ್ಲಿ ಗಿಡ ಇರುವ ಮಗುವಿಗೆ ಇದು ಗೊತ್ತು. ಅದರಲ್ಲಿರುವ ಕಿಣ್ವ ಪ್ರೋಟೀನನ್ನು ಒಡೆಯುತ್ತದೆ. ಗಟ್ಟಿ ಮಾಂಸ ಬೇಗ ಬೇಯಲು ಪರಂಗಿಕಾಯಿ ತುಂಡು ಹಾಕುವುದು ಅದಕ್ಕೇ. ಎರಡನೆಯದು, ಮೀನಿನ ಗಾಳಿಚೀಲದಿಂದ ತೆಗೆಯುವ, ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್. ಒಂದು ವರ್ಷದೊಳಗೆ ಸರಕು ಅಮೆರಿಕ, ಯೂರೋಪಿಗೆ ಹೋಯಿತು. ಹಿತ್ತಲಿನ ಕಾಯಿಯೊಳಗೆ ಒಂದು ರಫ್ತು ವ್ಯಾಪಾರ ಇತ್ತು ಎಂದು ಕೇಳಿದ ಮಗು ಮಾರನೆಯ ದಿನ ಹಿತ್ತಲನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಬಿಯರಿನ ಹೆಸರು ಕೇಳಿ ಮಕ್ಕಳು ಕೆಡುವುದಿಲ್ಲ. ದಯವಿಟ್ಟು ನಿಜ ಹೇಳಿ.

ಕಂಪನಿ ಶುರು ಮಾಡಿದಾಗ ಕಿರಣ್ ಅವರಿಗೆ 25 ವರ್ಷ. ಹೆಂಗಸಿನ ಕೈಕೆಳಗೆ ದುಡಿಯಲು ಜನ ಬರುತ್ತಿರಲಿಲ್ಲ. ಮೊದಲು ಕೆಲಸಕ್ಕೆ ಸೇರಿದವರು ಒಬ್ಬ ನಿವೃತ್ತ ಮೆಕ್ಯಾನಿಕ್. ಬ್ಯಾಂಕುಗಳು ಸಾಲಕ್ಕೆ ಹಿಂದೆಮುಂದೆ ನೋಡಿದವು. ವಯಸ್ಸು ಚಿಕ್ಕದು, ಉದ್ದಿಮೆ ಹೊಸದು, ಅಡವಿಡಲು ಆಸ್ತಿ ಇಲ್ಲ, ಅದರ ಮೇಲೆ ಹೆಣ್ಣು.

ಬ್ಯಾಂಕ್ ಯಾಕೆ ಕೊಡಲಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. "ಆಗಿನ ಜನ ಹಾಗೆ" ಎಂದು ಹಾರಿಕೆಯ ಉತ್ತರ ಕೊಡಬೇಡಿ. ಸಾಲಕ್ಕೆ ಜಾಮೀನು ಬೇಕು, ಜಾಮೀನಿಗೆ ಜಮೀನಿನ ಪಹಣಿಯೋ ಮನೆಯ ಖಾತೆಯೋ ಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದ ಇದ್ದ ಹಕ್ಕು ಮಗಳಿಗೆ ಇರಲಿಲ್ಲ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಆ ಹಕ್ಕು ಕೊಟ್ಟಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮನೆಗೆ ಹೋಗಿ, ನಮ್ಮ ಮನೆಯ ಖಾತೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಕೇಳಲಿ.

ಜಾಮೀನಿಲ್ಲದವರು ತಾವೇ ಬ್ಯಾಂಕ್ ಕಟ್ಟಿದ್ದೂ ಉಂಟು. ಅಹಮದಾಬಾದಿನಲ್ಲಿ ಇಳಾ ಭಟ್ 1972ರಲ್ಲಿ ಸೇವಾ ಸಂಘಟನೆ ಕಟ್ಟಿದರು. ತರಕಾರಿ ಮಾರುವವರು, ಮನೆಯಲ್ಲಿ ಬಟ್ಟೆ ಹೊಲಿಯುವವರು, ತಲೆಹೊರೆ ಹೊರುವವರು ಅದರ ಸದಸ್ಯರು. ಬೆಳಗ್ಗೆ ಬಡ್ಡಿಗೆ ತಂದು ಸಂಜೆ ತೀರಿಸುವವರಿಗೆ ದಿನದ ಲಾಭದಲ್ಲಿ ದೊಡ್ಡ ಪಾಲು ಬಡ್ಡಿಗೇ ಹೋಗುತ್ತಿತ್ತು. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ಅಕ್ಷರ ಬಾರದವರು ಬ್ಯಾಂಕ್ ನಡೆಸುವುದು ಹೇಗೆ ಎಂಬ ಆಕ್ಷೇಪ ಬಂತು. ನೋಂದಣಿಗೆ ಸಹಿ ಬೇಕಿದ್ದವರು ರಾತ್ರಿಯೆಲ್ಲ ಕೂತು ತಮ್ಮ ಹೆಸರು ಬರೆಯಲು ಕಲಿತು, ಬೆಳಗ್ಗೆ ಹೋಗಿ ಸಹಿ ಹಾಕಿದರು. ಪಾಸ್‌ಬುಕ್ಕಿಗೆ ಫೋಟೊ ಅಂಟಿಸಿ ಗುರುತು ಹಿಡಿಯುವ ವ್ಯವಸ್ಥೆ ಮಾಡಿಕೊಂಡರು. 4,000ವನ್ನು 10ರಿಂದ ಗುಣಿಸುವುದು ಮೂರನೆಯ ತರಗತಿಯ ಲೆಕ್ಕ. ಆ 40,000 ರೂಪಾಯಿ ಹೇಗೆ ಕೂಡಿತು ಎಂಬುದನ್ನು ಹತ್ತನೆಯ ತರಗತಿಯವರೂ ಕೂತು ಯೋಚಿಸಬೇಕು.

ಕನ್ನಡದಲ್ಲೇ ನಡೆದ ಉದ್ಯಮದ ಕಥೆಯೊಂದನ್ನು ನಮ್ಮ ಮಕ್ಕಳು ಕೇಳಿಯೇ ಇಲ್ಲವಲ್ಲ ಎಂದು ನನಗೆ ಬೇಸರ. ನಂಜನಗೂಡಿನ ತಿರುಮಲಾಂಬ 1887ರಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ಮನೆಯಲ್ಲೇ ಓದು ಮುಂದುವರಿಯಿತು. ಆಕೆಯನ್ನು ನಾವು ಹೊಸಗನ್ನಡದ ಮೊದಲ ಲೇಖಕಿಯರ ಸಾಲಿನಲ್ಲಿ ನೆನೆಯುತ್ತೇವೆ, ಅದು ಸರಿ. ಆದರೆ ಆಕೆ ಪ್ರಕಾಶಕಿಯೂ ಹೌದು. 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆ ಎಂಬ ಪ್ರಕಟಣೆಯನ್ನು ತಾವೇ ಆರಂಭಿಸಿ, 'ಸುಶೀಲೆ' ಮುಂತಾದ ತಮ್ಮ ಪುಸ್ತಕಗಳನ್ನು ಹೊರತಂದರು. 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಪುಸ್ತಕ ಪ್ರಕಟಿಸುವವರು ಕಾಗದಕ್ಕೂ ಅಚ್ಚಿಗೂ ಮೊದಲೇ ಹಣ ಸುರಿದು, ಓದುಗರಿಂದ ಅದು ವಾಪಸು ಬರುವವರೆಗೆ ಕಾಯಬೇಕು. ವಿಧವೆ ಮನೆಯ ಹೊರಗೆ ಮುಖ ತೋರಿಸುವುದೇ ಕಷ್ಟವಾಗಿದ್ದ ಕಾಲದಲ್ಲಿ ಆಕೆ ಈ ಹೊಣೆ ಹೊತ್ತರು. ಅವರ ನಂತರ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ 'ಸರಸ್ವತಿ' ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಚಾಮರಾಜಪೇಟೆಯ ಮಕ್ಕಳ ಕೂಟವನ್ನು ಕಟ್ಟಿದವರೂ ಅವರೇ. ಪತ್ರಿಕೆಯೊಂದನ್ನು ನಾಲ್ಕು ದಶಕ ನಿಲ್ಲಿಸಿಕೊಳ್ಳಲು ಸಾಹಿತ್ಯಾಭಿಮಾನ ಬೇಕು, ಚಂದಾದಾರರ ಪಟ್ಟಿಯನ್ನು ಜೋಪಾನ ಮಾಡುವ ಶಿಸ್ತೂ ಬೇಕು. ಸಾಹಿತ್ಯ ಚರಿತ್ರೆ ಬರೆಯುವವರು ಮೊದಲನೆಯದನ್ನಷ್ಟೇ ನೋಡುತ್ತಾರೆ.

ತೀರ ಎಳೆಯ ಮಕ್ಕಳಿಗೆ, ಆರು, ಏಳು ವರ್ಷದವರಿಗೆ, ನಾನು ದೂರದ ಜರ್ಮನಿಯ ಮಾರ್ಗರೆಟ್ ಸ್ಟೈಫ್ ಕಥೆ ಹೇಳುತ್ತೇನೆ. 1847ರಲ್ಲಿ ಗೀಂಗೆನ್ ಎಂಬ ಊರಿನಲ್ಲಿ ಹುಟ್ಟಿದ ಆಕೆಗೆ ಒಂದೂವರೆ ವರ್ಷಕ್ಕೆ ಪೋಲಿಯೊ. ಕಾಲು ಸ್ವಾಧೀನವಿಲ್ಲ, ಬಲಗೈಯಲ್ಲಿ ಶಕ್ತಿಯಿಲ್ಲ. ಹೊಲಿಗೆ ಯಂತ್ರದ ಚಕ್ರ ಬಲಗಡೆ ಇರುತ್ತದಲ್ಲ, ತಿರುಗಿಸಲು ಆಗಲಿಲ್ಲ. ಆಕೆ ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟುಕೊಂಡು ಎಡಗೈಯಿಂದ ಹೊಲಿದಳು. ಗುಂಡುಸೂಜಿ ಚುಚ್ಚಿಡಲು ಬಟ್ಟೆಯ ಪುಟ್ಟ ಆನೆ ಹೊಲಿದು ಮಾರಿದರೆ, ಮಕ್ಕಳು ಅದನ್ನು ಎತ್ತಿಕೊಂಡು ಆಡತೊಡಗಿದರು. ಆಟಿಕೆಯ ಕಂಪನಿ ಹುಟ್ಟಿದ್ದು ಅಲ್ಲಿಂದ. 1903ರ ಲೈಪ್ಜಿಗ್ ಮೇಳದಲ್ಲಿ ಅಮೆರಿಕದ ಒಬ್ಬ ವ್ಯಾಪಾರಿ ಆ ಕಂಪನಿಯ 3,000 ಕರಡಿ ಗೊಂಬೆಗಳಿಗೆ ಒಮ್ಮೆಲೇ ಆರ್ಡರ್ ಕೊಟ್ಟ. ಮಕ್ಕಳಿಗೆ ಇದರಲ್ಲಿ ಇಷ್ಟವಾಗುವುದು ತಿರುಗಿಸಿಟ್ಟ ಯಂತ್ರ. ಮನೆಯ ಹೊಲಿಗೆ ಯಂತ್ರದ ಮುಂದೆ ಕೂತು ತಾವೂ ಎಡಗೈಯಲ್ಲಿ ಪ್ರಯತ್ನಿಸಿ ನೋಡುತ್ತಾರೆ.

ಈ ಕಥೆಗಳನ್ನು ಹುಡುಗಿಯರನ್ನಷ್ಟೇ ಕೂರಿಸಿಕೊಂಡು, ಮಾರ್ಚ್ 8ರಂದು ಮಾತ್ರ ಹೇಳುವ ಪದ್ಧತಿಯನ್ನು ಬಿಡಬೇಕು ಎಂದು ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ. ಕಿರಣ್ ಅವರಿಗೆ ಹುದ್ದೆ ಕೊಡದವರು ಒಂದು ಕಾಲಕ್ಕೆ ಯಾವುದೋ ಶಾಲೆಯ ಹುಡುಗರೇ. ಮುಂದೆ ಬ್ಯಾಂಕಿನ ಮೇಜಿನ ಆಚೆ ಕೂರುವ ಹುಡುಗ, ಹೆಂಡತಿ ಅಂಗಡಿ ಇಡುತ್ತೇನೆ ಎಂದಾಗ ಮನೆಯ ಅಡುಗೆ, ಮಗುವಿನ ಹೊಣೆ ತಾನು ಹೊರಬೇಕಾದ ಹುಡುಗ, ಈ ಕಥೆಗಳನ್ನು ಎಂಟನೆಯ ವಯಸ್ಸಿನಲ್ಲೇ ಕೇಳಿರಬೇಕು.

ಪುಸ್ತಕದ ಕಥೆ ಮುಗಿದ ಮೇಲೆ ಮಕ್ಕಳನ್ನು ಬೀದಿಗೆ ಕಳಿಸಿ. ಹಳ್ಳಿಯಲ್ಲಾದರೆ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಡೇರಿ ಇರಬಹುದು. ಅಲ್ಲಿ ಕ್ಯಾನಿಗೆ ಹಾಲು ಸುರಿಯುವ ಮೊದಲು ಫ್ಯಾಟ್ ನೋಡುತ್ತಾರೆ, ದರ ಅದರ ಮೇಲೆ. ಹಿಂಡಿ, ಬೂಸಾದ ಖರ್ಚು ಕಳೆದರೆ ಬಟವಾಡೆಯಲ್ಲಿ ಉಳಿಯುವುದೆಷ್ಟು ಎಂದು ಹಸು ಕಟ್ಟಿದ ಅಮ್ಮನೇ ಮಗುವಿಗೆ ಹೇಳಬಲ್ಲಳು. ಹುಬ್ಬಳ್ಳಿ, ಕಲಬುರಗಿ ಕಡೆ ಓಣಿಗೊಂದು ರೊಟ್ಟಿ ಕೇಂದ್ರ. ಜೋಳದ ಚೀಲಕ್ಕೆ ಎಷ್ಟು, ಗಿರಣಿಗೆ ಎಷ್ಟು, ಒಂದು ಕಿಲೊ ಹಿಟ್ಟಿಗೆ ಎಷ್ಟು ರೊಟ್ಟಿ, ಬಡಿಯುವವರಿಗೆ ರೊಟ್ಟಿಗೆ ಎಷ್ಟು ಕೂಲಿ, ಗ್ಯಾಸೋ ಕಟ್ಟಿಗೆಯೋ, ಖಡಕ್ ರೊಟ್ಟಿ ಎಷ್ಟು ದಿನ ಇಟ್ಟು ಮಾರಬಹುದು, ಮದುವೆ ಆರ್ಡರಿಗೆ ಮುಂಗಡ ತೆಗೆದುಕೊಳ್ಳುತ್ತಾರೆಯೇ? ಈ ಪ್ರಶ್ನೆಗಳನ್ನು ಮಕ್ಕಳು ತಾವೇ ಬರೆದುಕೊಂಡು ಹೋಗಲಿ. ಬೆಳಗಿನ ಗಿರಾಕಿಗಳ ಗದ್ದಲದಲ್ಲಿ ಬೇಡ, ಮಧ್ಯಾಹ್ನ ಮೂರರ ಮೇಲೆ ಆ ಅಕ್ಕನಿಗೆ ಪುರುಸೊತ್ತು ಇರುವಾಗ, ಕೇಳಿಕೊಂಡು ಹೋಗಲಿ. ತಿಂದ ರೊಟ್ಟಿಗೆ ದುಡ್ಡು ಕೊಟ್ಟು ಬರಲಿ. ದಿನದ ಲಾಭ ಎಷ್ಟು ಎಂದು ಕೇಳಿದಾಗ ಆಕೆ ನಕ್ಕು, "ಅದನ್ನ ಹೇಳಂಗಿಲ್ಲ, ತಮ್ಮಾ" ಅಂದರೆ ಅಲ್ಲಿಗೆ ಬಿಡಬೇಕು, ಅದು ಆಕೆಯ ವ್ಯಾಪಾರದ ಗುಟ್ಟು. ಉಳಿದ ಅಂಕಿಗಳಿಂದ ಲಾಭವನ್ನು ಅಂದಾಜು ಮಾಡುವ ಕೆಲಸ ಶಾಲೆಗೆ ಮರಳಿದ ಮೇಲೆ ಮಕ್ಕಳದು.